ಜನರೇಟರ್ ಹೊಗೆ: ಶನಿವಾರದೊಳಗೆ ತೀರ್ಮಾನ ಬೇಕು

ಮನೆ 14, ಮಂಗಳವಾರ ರಾತ್ರಿ 9.40
ಎಲ್ಲರಿಗೂ ನಮಸ್ಕಾರ. ಸಂಜೆ ಕರೆಂಟ್ ಹೋಗಿ ಜನರೇಟರ್ ಓಡಿದ ಮುಕ್ಕಾಲು ಗಂಟೆ ನಮ್ಮ ನಡುಮನೆಯಲ್ಲಿ ಕೂರಲಾಗಲಿಲ್ಲ. ಕಿಟಕಿ ಮುಚ್ಚಿದರೂ ಅತ್ತೆಯವರ ಕೆಮ್ಮು ನಿಲ್ಲಲಿಲ್ಲ. ಒಣಗಲು ಹಾಕಿದ್ದ ಪಂಚೆಯ ಮೇಲೆಲ್ಲ ಮಸಿ. ಮೊದಲು ಹೊಗೆ ಕೊಳವೆಯಲ್ಲಿ ಮೇಲೆ ಹೋಗುತ್ತಿತ್ತು, ಈಗ ಶೆಡ್ಡಿನ ಜಾಲರಿಯಿಂದಲೇ ಹೊರಗೆ ಬರುತ್ತಿದೆ. ಬೋರ್‌ವೆಲ್ ಪಂಪಿಗೆ ಜನರೇಟರ್ ಬೇಕೆಂದು ಗೊತ್ತು. ನಿಲ್ಲಿಸಿ ಎನ್ನುತ್ತಿಲ್ಲ, ಸರಿ ಮಾಡಿಸಿ ಎನ್ನುತ್ತಿದ್ದೇನೆ.

ಮನೆ 3 (ಕಾರ್ಯದರ್ಶಿ), 9.52
ಕ್ಷಮಿಸಿ ಅಮ್ಮ. ಹೋದ ತಿಂಗಳು ಬಂದ ಮೆಕ್ಯಾನಿಕ್ ಎಂಜಿನ್ನಿನ ಸದ್ದು ಕೇಳಿ, ಅದು ವಾಲ್ವ್ ತೆರೆಯುವ ಟ್ಯಾಪೆಟ್ಟಿನ ಸದ್ದು ಎಂದು ಟ್ಯಾಪೆಟ್ ಹೊಂದಿಸಿದ. ಅದಕ್ಕೂ ಹಿಂದಿನವನು ಎಂಜಿನ್ ಪಕ್ಕಕ್ಕೆ ಯಾವುದೋ ಪೇಸ್ಟ್ ಮೆತ್ತಿ ಹೋಗಿದ್ದ. ಇಬ್ಬರಿಗೂ ಹಣ ಕೊಟ್ಟಿದ್ದೇವೆ.

ಮನೆ 9, 10.05
ಕೊಳವೆಯನ್ನು ಇನ್ನಷ್ಟು ಎತ್ತರಿಸಿದರೆ ಆಗದೇ? ಜನರೇಟರ್ ಇರುವ ಕಟ್ಟಡದ ಎತ್ತರಕ್ಕೆ, ಅದರ ಸಾಮರ್ಥ್ಯದ ಅಳತೆಯಾದ ಕೆವಿಎಯ ವರ್ಗಮೂಲದ 0.2 ಪಟ್ಟು ಸೇರಿಸಬೇಕೆಂದು ಮಾಲಿನ್ಯ ನಿಯಂತ್ರಣ ಮಂಡಳಿಯ ಸೂತ್ರವಿದೆ. ನಮ್ಮದು 100 ಕೆವಿಎ. ಅಂದರೆ ಶೆಡ್ಡಿಗಿಂತ 2 ಮೀಟರ್ ಮೇಲೆ.

ಮನೆ 22, ಬುಧವಾರ ಬೆಳಿಗ್ಗೆ 6.30
ಲೆಕ್ಕ ಸರಿಯಾಗಿದೆ ತಮ್ಮ. ಆದರೆ ಹೊಗೆ ಕೊಳವೆಗೆ ತಲುಪಿದರೆ ತಾನೇ ಎತ್ತರದ ಮಾತು? ಈಗ ತಾನೇ ಟಾರ್ಚ್ ಹಿಡಿದು ನೋಡಿಕೊಂಡು ಬಂದೆ. ಸಿಲಿಂಡರುಗಳ ಹೊಗೆಯನ್ನು ಒಟ್ಟುಮಾಡಿ ಕೊಳವೆಗೆ ಕೊಡುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎಂಜಿನ್ನಿನ ಹೆಡ್ಡಿಗೆ (ಮೇಲ್ಭಾಗಕ್ಕೆ) ಕೂರುವ ಕಡೆ, ಐದು ಮತ್ತು ಆರನೆಯ ಸಿಲಿಂಡರಿನ ಬಳಿ, ಬೀಸಣಿಗೆಯ ಹಾಗೆ ಮಸಿ ಹರಡಿದೆ. ಹೊಗೆ ಸೋರುತ್ತಿರುವುದು ಅಲ್ಲೇ. ವಾಚ್‌ಮನ್ ಎಂಜಿನ್ ಚಾಲೂ ಮಾಡಿದ. ತಣ್ಣಗಿದ್ದಾಗ ಟಿಕ್ ಟಿಕ್ ಎಂದಿತು, ಹತ್ತು ನಿಮಿಷ ಕಾದ ಮೇಲೆ ಸದ್ದು ಅರ್ಧಕ್ಕಿಳಿಯಿತು. ಮ್ಯಾನಿಫೋಲ್ಡಿನ ಬೀಡುಕಬ್ಬಿಣ ಕಾದು ಹಿಗ್ಗಿ ಸಂದು ಕಿರಿದಾಗುತ್ತದೆ, ಅಷ್ಟೇ. ಇದನ್ನು ಟ್ಯಾಪೆಟ್ ಎಂದವನ ಕಿವಿಯನ್ನು ಮೊದಲು ಹೊಂದಿಸಬೇಕು.

ಪೇಸ್ಟ್ ಮೆತ್ತಿದರೆ ನಾಲ್ಕು ದಿನ. ಮ್ಯಾನಿಫೋಲ್ಡ್ ಬಿಚ್ಚಲೇಬೇಕು. ಬಸ್ ಡಿಪೋದಲ್ಲಿ ಇಡೀ ಆಯುಷ್ಯ ಇದನ್ನೇ ಮಾಡಿದ್ದೇನೆ, ಮುಂದೆ ನಿಂತು ಮಾಡಿಸುತ್ತೇನೆ. ಕೈಯಲ್ಲಿ ಈಗ ಕಸುವಿಲ್ಲ, ಒಬ್ಬ ಹುಡುಗ ಬೇಕು.

ಮನೆ 31, 8.15
ನಮ್ಮ ಮನೆ ಕೊನೆಯ ಅಡ್ಡರಸ್ತೆಯಲ್ಲಿದೆ, ಹೊಗೆ ಬರುವುದಿಲ್ಲ. ತೊಂದರೆ ಇರುವವರು ರಿಪೇರಿ ಖರ್ಚು ಹಂಚಿಕೊಂಡರೆ ನ್ಯಾಯ ಎಂದು ನನ್ನ ಅಭಿಪ್ರಾಯ.

ಮನೆ 14, 8.18
ನೀರು ಮಾತ್ರ ಕೊನೆಯ ಅಡ್ಡರಸ್ತೆಯವರೆಗೂ ಬರುತ್ತದಲ್ಲ ರಾಯರೇ?

ಮನೆ 17, 8.40
ನಾನು ನರ್ಸ್, ಆದ್ದರಿಂದ ಒಂದು ಮಾತು. ಹೊಗೆಯ ವಾಸನೆ ಮೂಗಿಗೆ ಬಡಿಯುತ್ತದೆ, ಅದರೊಳಗಿನ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ. ತಲೆನೋವು, ವಾಕರಿಕೆ ಬಂದರೆ ತಕ್ಷಣ ಮನೆಯಿಂದ ಹೊರಗೆ ಬನ್ನಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಡೀಸೆಲ್ ಹೊಗೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ರಾತ್ರಿ ಹೊತ್ತು ವಾಚ್‌ಮನ್ ಆ ಶೆಡ್ಡಿನೊಳಗೇ ಚಾಪೆ ಹಾಕಿ ಮಲಗುತ್ತಾನೆ. ಅವನ ವಿಷಯ ಯಾರೂ ಎತ್ತಲಿಲ್ಲ.

ಮನೆ 3, 9.00
ಚಾಪೆಯನ್ನು ಇಂದೇ ಗೇಟಿನ ಕೋಣೆಗೆ ಹಾಕಿಸಿದ್ದೇನೆ. ರಿಪೇರಿ ಆಗುವ ತನಕ ಜನರೇಟರ್ ಬೆಳಿಗ್ಗೆ 6ರಿಂದ 6.30 ಮಾತ್ರ, ಟ್ಯಾಂಕ್ ತುಂಬಲು. ಖರ್ಚು ಎಲ್ಲ ಮನೆಗೂ ಸಮ. ಆಕ್ಷೇಪಣೆ ಇದ್ದವರು ಸಂಜೆ ಗಣಪತಿ ಗುಡಿಯ ಕಟ್ಟೆಗೆ ಬನ್ನಿ.

ಮನೆ 22, ಶುಕ್ರವಾರ ರಾತ್ರಿ 8.10
ಇವತ್ತು ಬರೀ ಎಣ್ಣೆಯ ಕೆಲಸ. ಮ್ಯಾನಿಫೋಲ್ಡಿನ ಹನ್ನೆರಡು ನಟ್ಟಿಗೂ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟಿದ್ದೇವೆ. ಅವಸರದಲ್ಲಿ ಸ್ಪ್ಯಾನರ್ ಒತ್ತಿದರೆ ನಟ್ ಕೂರುವ ಸ್ಟಡ್ (ಮರೆಯಿರುವ ಕಂಬಿ) ಹೆಡ್ಡಿನೊಳಗೇ ಮುರಿಯುತ್ತದೆ, ಆಮೇಲೆ ಒಂದು ದಿನದ ಕೆಲಸ ವಾರ ಹಿಡಿಯುತ್ತದೆ.

ಮನೆ 22, ಶನಿವಾರ ಮಧ್ಯಾಹ್ನ 1.20
ಹತ್ತು ನಟ್ ಬಂದವು. ಎರಡು ಹಟ ಹಿಡಿದವು. ನಟ್ಟನ್ನು ಮಾತ್ರ ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ, ಹಿಂದೆ ಮುಂದೆ ಆಡಿಸಿದಾಗ ಒಂದು ಬಂತು. ಇನ್ನೊಂದು ಸ್ಟಡ್ಡಿನ ಸಮೇತ ಮುರಿಯಿತು. ಪುಣ್ಯಕ್ಕೆ ಅರ್ಧ ಇಂಚು ಹೊರಗೆ ಉಳಿದಿತ್ತು. ಅದರ ಮೇಲೆ ಹೊಸ ನಟ್ ವೆಲ್ಡ್ ಮಾಡಿ ತಿರುಗಿಸಿ ತೆಗೆದೆವು.

ಸಂದು ಮುಚ್ಚುವ ಹಳೆಯ ಗ್ಯಾಸ್ಕೆಟ್ಟಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್, ಇದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು) ಇರುವ ಸಾಧ್ಯತೆ ಇದೆ. ಹುಡುಗ ಒಣಗಿದ್ದನ್ನೇ ಕೆರೆಯಲು ಹೊರಟಿದ್ದ. ಗದರಿಸಿ, ನೀರು ಚಿಮುಕಿಸಿ, ಮಾಸ್ಕ್ ಹಾಕಿಸಿ ತೆಗೆಸಿದೆ.

ಬಿರುಕು ಇದೆಯೇ ಎಂದು ನೋಡಲು ಮ್ಯಾನಿಫೋಲ್ಡನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಒರೆಸಿ, ಸೀಮೆಸುಣ್ಣ ಬಳಿದೆ. ಬಿರುಕಿದ್ದರೆ ಬಿಳಿಯ ಮೇಲೆ ಎಣ್ಣೆಯ ಗೆರೆ ಮೂಡುತ್ತದೆ. ಮೂಡಲಿಲ್ಲ. ಆದರೆ ನೇರಪಟ್ಟಿ ಇಟ್ಟು ನೋಡಿದರೆ ಆರನೆಯ ಸಿಲಿಂಡರಿನ ತುದಿ ಮೇಲೆದ್ದಿದೆ, ಸಂದು ಅಳೆಯುವ ಫೀಲರ್ ಗೇಜಿನ ಅರ್ಧ ಮಿಲಿಮೀಟರ್ ಎಲೆ ಸಲೀಸಾಗಿ ನುಸುಳುತ್ತದೆ. ಇಂಥ ಸೊಟ್ಟಕ್ಕೆ ಎಷ್ಟು ಪೇಸ್ಟ್ ಮೆತ್ತಿದರೇನು? ಫೇಸ್ ಹೊಡೆಸಲು, ಅಂದರೆ ಮುಖ ಸಮತಟ್ಟು ಮಾಡಿಸಲು, ಲೇತ್ ಅಂಗಡಿಗೆ ಕಳಿಸಿದ್ದೇನೆ. ಆರೂ ಮುಖಗಳನ್ನು ಒಟ್ಟಿಗೆ ಒಂದೇ ಮಟ್ಟಕ್ಕೆ ತೆಗೆಯಬೇಕು ಎಂದು ಬರೆದೂ ಕೊಟ್ಟಿದ್ದೇನೆ, ಹೇಳಿದ್ದನ್ನು ಮರೆಯುತ್ತಾರೆ.

ಮನೆ 9, 1.45
ಇಷ್ಟು ಹಳೆಯ ಎಂಜಿನ್ನಿಗೆ ಇಷ್ಟೆಲ್ಲ ಬೇಕೇ ಅಂಕಲ್? ಹೊಸದನ್ನೇ ತಂದರೆ?

ಮನೆ 22, 1.50
ನೀನು ಕೊಡಿಸುವುದಾದರೆ ನನ್ನ ಅಭ್ಯಂತರವಿಲ್ಲ.

ಮನೆ 22, ಸೋಮವಾರ ಸಂಜೆ 6.45
ಕೂರಿಸಿದ್ದಾಯಿತು. ಹೊಸ ಗ್ಯಾಸ್ಕೆಟ್, ಹೊಸ ಸ್ಟಡ್, ಹಿತ್ತಾಳೆ ನಟ್. ಹಿತ್ತಾಳೆ ತುಕ್ಕು ಕಚ್ಚುವುದಿಲ್ಲ, ಮುಂದೆ ಬಿಚ್ಚುವವನು ನಮ್ಮನ್ನು ಬೈಯುವುದಿಲ್ಲ. ನಡುವಿನಿಂದ ಶುರು ಮಾಡಿ ಎರಡೂ ತುದಿಗಳ ಕಡೆಗೆ, ಎಂಜಿನ್ ಪುಸ್ತಕದಲ್ಲಿ ಕೊಟ್ಟಷ್ಟೇ, ಮೂರು ಸುತ್ತಿನಲ್ಲಿ ಬಿಗಿ ಮಾಡಿಸಿದೆ. ಒಂದು ತಾಸು ಓಡಿಸಿ, ಬಿಳಿ ಕರವಸ್ತ್ರವನ್ನು ಕಡ್ಡಿಗೆ ಕಟ್ಟಿ ಸಂದಿನ ಬಳಿ ಹಿಡಿದೆ. ಅಲುಗಲಿಲ್ಲ, ಮಸಿಯೂ ಹತ್ತಲಿಲ್ಲ.

ಮನೆ 14, 7.05
ಮೇಸ್ತ್ರಿಗಳೇ, ಅತ್ತೆಯವರು ನಿಮಗೂ ಆ ಹುಡುಗನಿಗೂ ಚಕ್ಕುಲಿ ಕಟ್ಟಿಟ್ಟಿದ್ದಾರೆ. ಬಂದು ತೆಗೆದುಕೊಂಡು ಹೋಗಿ.

ಮನೆ 3, 7.30
ನಾಳೆ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಬೇಕಂತೆ, ಆದ್ದರಿಂದ 7 ಗಂಟೆಯವರೆಗೆ ಪಂಪ್ ಇಲ್ಲ. ಕೊಳವೆ ಎತ್ತರಿಸುವ ವಿಷಯ ಮುಂದಿನ ಸಭೆಗೆ. ಮನೆ 31ರ ಪಾಲಿನ ಹಣ ಇನ್ನೂ ಬಂದಿಲ್ಲ.