ಒಂಬತ್ತನೆಯ ತರಗತಿಗೆ ಸಣ್ಣಕಥೆ ಪಾಠ ಮಾಡುವುದು ಹೇಗೆ? ಅನುಭವವಿದ್ದವರು ಹೇಳಿ

ಕೇಳಿದವರು: ಸರ್ಕಾರಿ ಪ್ರೌಢಶಾಲೆಯ ಕನ್ನಡ ಶಿಕ್ಷಕಿ

ಕೆಲಸಕ್ಕೆ ಸೇರಿ ಇದು ಎರಡನೆಯ ವರ್ಷ. ಎಂಟು, ಒಂಬತ್ತು, ಹತ್ತು ಮೂರೂ ತರಗತಿಗಳ ಕನ್ನಡ ನನ್ನದೇ. ಹಳಗನ್ನಡದ ಪದ್ಯವಾದರೆ ಪದ ಬಿಡಿಸಿ ಅರ್ಥ ಹೇಳುವ ಕೆಲಸವಿರುತ್ತದೆ, ಅವಧಿ ಹೋದದ್ದೇ ತಿಳಿಯುವುದಿಲ್ಲ. ಸಣ್ಣಕಥೆ ಬಂದರೆ ಮಾತ್ರ ತಡವರಿಸುತ್ತೇನೆ. ಓದುತ್ತೇನೆ, ಸಾರಾಂಶ ಹೇಳುತ್ತೇನೆ, ಇಪ್ಪತ್ತು ನಿಮಿಷಕ್ಕೆ ಎಲ್ಲ ಮುಗಿದುಹೋಗುತ್ತದೆ. ‘ಈ ಕಥೆಯಿಂದ ಏನು ತಿಳಿಯಿತು?’ ಎಂದರೆ ‘ಒಳ್ಳೆಯವರಾಗಿ ಬಾಳಬೇಕು ಮೇಡಂ’ ಎಂದು ಒಕ್ಕೊರಲಿನಲ್ಲಿ ಹೇಳಿ, ‘ಪ್ರಶ್ನೋತ್ತರ ಬರೆಸಿ’ ಎಂದು ನೋಟ್ ಪುಸ್ತಕ ತೆಗೆಯುತ್ತಾರೆ. ಎಂ.ಎ. ಓದುವಾಗ ಒಂದೊಂದು ಕಥೆಯ ಮೇಲೆ ಗಂಟೆಗಟ್ಟಲೆ ವಾದ ಮಾಡಿದವಳು ನಾನು. ಆ ಸುಖದ ಒಂದು ತುಣುಕನ್ನಾದರೂ ಈ 52 ಮಕ್ಕಳಿಗೆ ಕೊಡಬೇಕೆಂಬ ಆಸೆ. ದಾರಿ ಗೊತ್ತಾಗುತ್ತಿಲ್ಲ.

ಹಾಸನ ಜಿಲ್ಲೆಯಿಂದ, 26 ವರ್ಷ ಪಾಠ ಮಾಡಿದ ಶಿಕ್ಷಕಿ

ಮೇಡಂ, ‘ಏನು ತಿಳಿಯಿತು’ ಎಂಬ ಪ್ರಶ್ನೆಯನ್ನು ಒಂದು ವರ್ಷ ಬಿಟ್ಟು ನೋಡಿ. ಒಂದನೆಯ ತರಗತಿಯಿಂದ ನೀತಿಕಥೆ ಕೇಳುತ್ತ ಬಂದ ಮಕ್ಕಳು ಅವರು. ಆ ಪ್ರಶ್ನೆ ಕಿವಿಗೆ ಬಿದ್ದ ಕೂಡಲೇ ಕಥೆಯನ್ನು ಮರೆತು ನೀತಿಯನ್ನು ಹುಡುಕುತ್ತಾರೆ. ನನ್ನ ಮೊದಲ ಹನ್ನೆರಡು ವರ್ಷ ನಾನೂ ಹಾಗೆಯೇ ಕೇಳಿದೆ, ನಿಮಗೆ ಸಿಕ್ಕಿದ ಉತ್ತರವೇ ನನಗೂ ಸಿಕ್ಕಿತು.

ಇನ್ನೊಂದು ಅಡ್ಡಿ ಪುಸ್ತಕದಲ್ಲೇ ಇದೆ. ಪಾಠ ಶುರುವಾಗುವ ಮೊದಲೇ ‘ಆಶಯ ಭಾವ’ ಎಂದು ಅಚ್ಚಾಗಿರುತ್ತದೆ. ಕಥೆ ಏನು ಹೇಳುತ್ತದೆ ಎಂಬುದನ್ನು ಕಥೆಗೆ ಮುಂಚೆಯೇ ಹೇಳಿಬಿಟ್ಟರೆ ಓದುವುದು ಯಾತಕ್ಕೆ? ನಾನು ಆ ಭಾಗವನ್ನು ಕಟ್ಟಕಡೆಗೆ ಓದಿಸುತ್ತಿದ್ದೆ. ಓದಿಸಿ, ‘ಇದು ನಿಮಗೆ ಒಪ್ಪಿಗೆಯೇ? ಏನಾದರೂ ಬಿಟ್ಟುಹೋಗಿದೆಯೇ?’ ಎಂದು ಕೇಳುತ್ತಿದ್ದೆ. ಹದಿನಾಲ್ಕು ವರ್ಷದ ಹುಡುಗಿ ಪಠ್ಯಪುಸ್ತಕಕ್ಕೆ ಒಂದು ಸಾಲು ಸೇರಿಸುವಾಗ ಅವಳ ಮುಖ ನೋಡಬೇಕು.

ಮೊದಲ ದಿನ ಕಥೆಯನ್ನು ನೀವೇ ಗಟ್ಟಿಯಾಗಿ ಓದಿ. ಪೂರ್ತಿ ಓದಿ, ನಡುವೆ ಪದಗಳ ಅರ್ಥಕ್ಕೆ ನಿಲ್ಲಬೇಡಿ. ಒಂದೆರಡು ಪದ ತಿಳಿಯದಿದ್ದರೂ ಮಕ್ಕಳು ಹಿಂಬಾಲಿಸುತ್ತಾರೆ, ಅಜ್ಜಿಯ ಬಾಯಲ್ಲಿ ಕಥೆ ಕೇಳುವಾಗ ಯಾವ ಮಗುವೂ ಟಿಪ್ಪಣಿ ಕೇಳಿದ್ದಿಲ್ಲ. ಓದಿ ಮುಗಿಸಿದ ಮೇಲೆ ಒಂದು ಚೀಟಿಯಲ್ಲಿ ಒಂದೇ ಒಂದು ವಿಷಯ ಬರೆಯಲು ಹೇಳಿ: ಕಥೆಯಲ್ಲಿ ನಿಮ್ಮ ಮನಸ್ಸು ಎಲ್ಲಿ ನಿಂತಿತು? ಹೆಸರು ಬರೆಯುವುದು ಬೇಡ, ಕಾರಣವೂ ಬೇಡ. ಆ ಚೀಟಿಗಳೇ ನಾಳೆಯ ಪಾಠ.

ಒಂದು ಉದಾಹರಣೆ ಕೊಡುತ್ತೇನೆ. ಮಾಸ್ತಿಯವರ ‘ಮೊಸರಿನ ಮಂಗಮ್ಮ’ವನ್ನು ನಾನು ಪ್ರತಿವರ್ಷ ಒಂಬತ್ತನೆಯವರಿಗೆ ಓದುತ್ತಿದ್ದೆ, ಪಠ್ಯದಲ್ಲಿ ಇರಲಿ ಬಿಡಲಿ. ಮಂಗಮ್ಮ ಬೆಂಗಳೂರಿಗೆ ಮೊಸರು ಮಾರಲು ಬರುವ ಹಳ್ಳಿಯ ಹೆಂಗಸು. ಸೊಸೆ ನಂಜಮ್ಮ ಮಗುವಿಗೆ ಹೊಡೆದಳೆಂದು ಜಗಳವಾಗಿ, ಮಗ ಹೆಂಡತಿಯ ಕಡೆ ನಿಂತು, ಮಂಗಮ್ಮ ಬೇರೆ ಒಲೆ ಹೂಡುತ್ತಾಳೆ. ಇದನ್ನೆಲ್ಲ ಅವಳು ತಾನು ಮೊಸರು ಹಾಕುವ ಮನೆಯ ಗೃಹಿಣಿಯ ಹತ್ತಿರ ಹೇಳಿಕೊಳ್ಳುತ್ತಾಳೆ. ಆ ಗೃಹಿಣಿ ನಮಗೆ ಹೇಳುತ್ತಾಳೆ.

ಚೀಟಿಗಳಲ್ಲಿ ಹೆಚ್ಚಿನವು ಬರುತ್ತಿದ್ದದ್ದು ಮೊಮ್ಮಗ ಅಜ್ಜಿಯ ಬಳಿ ಬರುವ ಸಂದರ್ಭದ ಮೇಲೆ. ಒಂದು ವರ್ಷ ಮಾತ್ರ ಏಳೆಂಟು ಚೀಟಿಗಳಲ್ಲಿ ‘ಮಖಮಲ್ಲಿನ ರವಿಕೆ’ ಎಂದಿತ್ತು. ಬೇರೆಯಾದ ಮೇಲೆ ಮಂಗಮ್ಮ ತನಗಾಗಿ ಹೊಲಿಸಿಕೊಳ್ಳುವ ಬಟ್ಟೆ ಅದು. ‘ಈ ರವಿಕೆಯನ್ನು ಕಥೆಯಿಂದ ತೆಗೆದುಹಾಕೋಣ, ಏನು ನಷ್ಟ?’ ಎಂದು ಕೇಳಿದೆ. ಒಬ್ಬ ಹುಡುಗ ‘ಏನೂ ಇಲ್ಲ, ಜಗಳ ಹಾಗೆಯೇ ಇರುತ್ತದೆ’ ಎಂದ. ಕಿಟಕಿಯ ಪಕ್ಕ ಕೂತಿದ್ದ ಹುಡುಗಿ ಎದ್ದು ನಿಂತು ಹೇಳಿದಳು: ‘ಇಷ್ಟು ದಿನ ದುಡ್ಡು ಕೂಡಿಟ್ಟಿದ್ದು ಮಗನಿಗೆ, ಮೊಮ್ಮಗನಿಗೆ. ಈಗ ಯಾರಿಗೆ ಅಂತ ಕೂಡಿಡಬೇಕು? ಅದಕ್ಕೇ ತಗೊಂಡಳು. ಅವಳಿಗೆ ಅದು ಬೇಕಾಗಿತ್ತು ಅಂತ ಅಲ್ಲ ಮೇಡಂ, ಅವಳಿಗೆ ಯಾರೂ ಇಲ್ಲ ಅಂತ.’ ಸಂಕೇತ ಎಂಬ ಪದವನ್ನು ನಾನು ಬಾಯಿಬಿಟ್ಟು ಹೇಳಿರಲಿಲ್ಲ. ಅವಳು ಹೇಳಿ ಮುಗಿಸಿದ ಮೇಲೆ ಬೋರ್ಡಿನ ಮೇಲೆ ಬರೆದೆ. ಆ ತರಗತಿ ಆ ಪದವನ್ನು ಹತ್ತನೆಯ ತರಗತಿ ಮುಗಿಯುವವರೆಗೂ ಮರೆಯಲಿಲ್ಲ. ಎಂ.ಎ.ಯ ಪದಗಳನ್ನು ಇಡಬೇಕೇ ಎಂಬುದು ನಿಮ್ಮ ಮನಸ್ಸಿನಲ್ಲಿದ್ದರೆ, ಇಡಿ, ಆದರೆ ಮಗು ವಸ್ತುವನ್ನು ಕೈಯಲ್ಲಿ ಹಿಡಿದ ಮೇಲೆ ಅದರ ಹೆಸರು ಹೇಳಿ.

ಇನ್ನೊಂದು ಚೀಟಿ ನನಗೇ ಪಾಠ ಕಲಿಸಿತು. ಅದರಲ್ಲಿ ‘ಮೊಸಳೆ’ ಎಂದಷ್ಟೇ ಇತ್ತು. ಕಥೆಯ ಕೊನೆಯಲ್ಲಿ ಆ ಗೃಹಿಣಿ ಅತ್ತೆ ಸೊಸೆಯರ ಎಳೆದಾಟವನ್ನು ನೀರಿನಲ್ಲಿ ನಿಂತ ಮಗುವಿಗೆ ಹೋಲಿಸುತ್ತಾಳೆ: ಕೆಳಗಿನಿಂದ ಕಾಲು ಹಿಡಿದು ಎಳೆಯುವ ಮೊಸಳೆ, ಮೇಲಿನಿಂದ ತೋಳು ಹಿಡಿದು ಉಳಿಸಲು ನೋಡುವವರು. ವರ್ಷಗಟ್ಟಲೆ ನಾನು ಅದನ್ನು ‘ಸುಂದರವಾದ ಹೋಲಿಕೆ’ ಎಂದು ಹೇಳಿ ಮುಂದೆ ಹೋಗಿದ್ದೆ. ಚೀಟಿ ಬರೆದವರು ಯಾರು ಎಂದಾಗ ಒಬ್ಬಳು ಕೈ ಎತ್ತಿದಳು. ‘ಸೊಸೆ ಯಾಕೆ ಮೊಸಳೆ ಮೇಡಂ? ನಂಜಮ್ಮನೂ ತನ್ನ ಮಾತು ಹೇಳಿದಳಲ್ಲ. ಕಥೆ ಹೇಳುವವರು ಅತ್ತೆಯ ಕಡೆಯವರಾ?’ ಎಂದಳು.

ಆ ವಾರವೇ ಅವಳ ಅಕ್ಕನ ಮದುವೆ ಗೊತ್ತಾಗಿತ್ತಂತೆ. ಅದು ನನಗೆ ಆಮೇಲೆ ತಿಳಿಯಿತು.

ಆ ದಿನ ನಮ್ಮ ತರಗತಿ ಎರಡಾಯಿತು. ಮಂಗಮ್ಮನ ಮಾತು ಎಷ್ಟು ಕೇಳಿದೆವು, ನಂಜಮ್ಮನ ಮಾತು ಎಷ್ಟು ಕೇಳಿದೆವು, ಮಗನ ಮಾತು ಎಷ್ಟು ಎಂದು ಎಣಿಸುತ್ತ ಕೂತರು. ನಂಜಮ್ಮ ಬಂದು ಮಾತಾಡುವ ಹೊತ್ತಿಗೆ ನಮ್ಮ ಮನಸ್ಸು ಆಗಲೇ ಒಂದು ಕಡೆ ವಾಲಿರುತ್ತದೆ ಎಂದು ಅವರೇ ಕಂಡುಕೊಂಡರು. ನಿರೂಪಕಿ ಎಂದರೆ ಯಾರು, ಲೇಖಕರೂ ನಿರೂಪಕಿಯೂ ಒಂದೇನಾ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳಿಕೊಡಲು ನನಗೆ ಬರುವುದಿಲ್ಲ. ಬರೆದವರು ಗಂಡಸು, ಹೇಳುವವಳು ಹೆಂಗಸು ಎಂದು ಕೊನೆಗೆ ನೆನಪಿಸಿದಾಗ ‘ಹೌದಲ್ಲ!’ ಎಂದು ಇಡೀ ತರಗತಿ ಕೂಗಿತು.

ರಾಯಚೂರು ಕಡೆಯ ಶಿಕ್ಷಕರು

ಮೇಡಂ ಹೇಳಿದ ಚೀಟಿಯ ಉಪಾಯ ನಾನೂ ಮಾಡುತ್ತೇನೆ. ನನಗೆ ಸೇರಿಸಬೇಕೆನಿಸಿದ್ದು ಭಾಷೆಯ ವಿಷಯ.

ದೇವನೂರ ಮಹಾದೇವರ ‘ಅಮಾಸ’ವನ್ನು ನಮ್ಮ ಮಕ್ಕಳಿಗೆ ಓದಿದಾಗ ಮೊದಲು ನಗು ಬಂತು. ಅಮಾವಾಸ್ಯೆಯಂದು ಹುಟ್ಟಿ ಅದೇ ಹೆಸರು ಹೊತ್ತ ಹುಡುಗ, ಮಾರಿಗುಡಿಯಲ್ಲಿ ಅವನನ್ನು ಸಾಕುವ ಕುರಿಯಯ್ಯ, ಇವರ ಲೋಕ ನಮ್ಮ ಮಕ್ಕಳಿಗೆ ಹೊಸದಲ್ಲ. ಆ ಮೈಸೂರು ಸೀಮೆಯ ಮಾತು ಹೊಸದು. ನಾನು ಬೈಯಲಿಲ್ಲ. ಪಾತ್ರಗಳ ನಾಲ್ಕು ಮಾತು ಬೋರ್ಡಿನ ಮೇಲೆ ಬರೆದು, ‘ಇದನ್ನು ನಿಮ್ಮ ಮನೆಯಲ್ಲಿ ಹೇಗೆ ಹೇಳುತ್ತಾರೋ ಹಾಗೆ ಬರೆಯಿರಿ, ಅದರ ಕೆಳಗೆ ಪುಸ್ತಕದ ಕನ್ನಡದಲ್ಲಿ ಬರೆಯಿರಿ’ ಎಂದೆ. ಮೂರನ್ನೂ ಒಂದಾದ ಮೇಲೆ ಒಂದರಂತೆ ಓದಿಸಿದೆ. ಪುಸ್ತಕದ ಕನ್ನಡದ ಸಾಲು ಬಂದಾಗ ‘ಇದರಾಗ ಜೀವ ಇಲ್ಲ ಸರ್’ ಎಂದು ಅವರೇ ಹೇಳಿದರು. ಮನೆಯ ಮಾತನ್ನು ಶಾಲೆಯಲ್ಲಿ ಆಡಲು ನಾಚುತ್ತಿದ್ದ ಮಕ್ಕಳು ಅವರು. ತಮ್ಮ ಮಾತಿನಲ್ಲೂ ಕಥೆ ಬರೆಯಬಹುದು ಎಂಬುದು ಗೊತ್ತಾದ ಮೇಲೆ ಇಬ್ಬರು ನಿಜವಾಗಿಯೂ ಬರೆದು ತಂದರು. ಒಬ್ಬನ ಕಥೆ ಗುಳೆ ಹೋದ ಅಪ್ಪನ ಮೇಲಿತ್ತು, ಒಂದು ಪುಟವೂ ಇರಲಿಲ್ಲ. ನನ್ನ ಬೀರುವಿನಲ್ಲಿ ಈಗಲೂ ಇದೆ.

ಕೊಡಗಿನಿಂದ

ಚಿಕ್ಕ ಮಾತು. ‘ಕೃತಿಕಾರರ ಪರಿಚಯ’ವನ್ನೂ ಕಥೆಯ ನಂತರಕ್ಕೆ ಇಡಿ. ಜನನ, ಊರು, ಕೃತಿಗಳು, ಪ್ರಶಸ್ತಿಗಳು ಎಂದು ಮೊದಲೇ ಹೇಳಿದರೆ ಮಕ್ಕಳಿಗೆ ಅದು ಬರಿಯ ಎರಡು ಅಂಕದ ಪ್ರಶ್ನೆ. ಕೊಡಗಿನ ಗೌರಮ್ಮನವರ ಕಥೆಯೊಂದನ್ನು ಓದಿ, ಅದರ ಬಗ್ಗೆ ಎರಡು ದಿನ ಮಾತಾಡಿದ ಮೇಲೆ ಹೇಳಿದೆ: ಹುಟ್ಟಿದ್ದು 1912ರಲ್ಲಿ, 1939ರಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡರು. ಮಕ್ಕಳು ಲೆಕ್ಕ ಹಾಕಿದರು. 27 ವರ್ಷ ಎಂದು ಒಬ್ಬಳು ಮೆಲ್ಲಗೆ ಹೇಳಿದಳು, ಆಮೇಲೆ ‘ಇಷ್ಟರೊಳಗೆ ಇದನ್ನೆಲ್ಲ ಬರೆದಿದ್ದರಾ?’ ಎಂದಳು. ಇನ್ನೊಂದು ಕಥೆ ಓದಿ ಎಂದು ತಾವಾಗಿ ಕೇಳಿದ್ದು ಆ ಒಂದು ಸಲ.

ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಹೋಗುವ ಶಿಕ್ಷಕರು, ತುಮಕೂರು ಜಿಲ್ಲೆ

ಇಲ್ಲಿ ಪರೀಕ್ಷೆಯ ಮಾತನ್ನು ಯಾರೂ ಎತ್ತಿಲ್ಲ. ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿ ಮನೆಯಲ್ಲಿ ಮೊದಲ ಬಾರಿಗೆ ಹತ್ತನೆಯ ತರಗತಿ ಮುಟ್ಟಿದವರು. ಅವರು ‘ಪ್ರಶ್ನೋತ್ತರ ಬರೆಸಿ’ ಎನ್ನುವುದು ಸೋಮಾರಿತನದಿಂದಲ್ಲ, ಭಯದಿಂದ. ಆ ಭಯವನ್ನು ಮೊದಲು ಇಳಿಸಬೇಕು, ಇಲ್ಲದಿದ್ದರೆ ಚೀಟಿ, ಚರ್ಚೆ ಯಾವುದಕ್ಕೂ ಮನಸ್ಸು ಕೊಡುವುದಿಲ್ಲ.

ನನ್ನ ದಾರಿ ಇದು. ‘ಸಂದರ್ಭ ಸಹಿತ ಸ್ವಾರಸ್ಯ ವಿವರಿಸಿ’ ಎಂಬ ಪ್ರಶ್ನೆ ಎಲ್ಲರಿಗೂ ಗೊತ್ತು. ಆಯ್ಕೆ, ಸಂದರ್ಭ ಎರಡನ್ನೂ ಗೊತ್ತಾದ ಕ್ರಮದಲ್ಲಿ ಬರೆಯಲು ಕಲಿಸಿಬಿಡುತ್ತೇನೆ, ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಮೂರನೆಯ ಭಾಗವಾದ ಸ್ವಾರಸ್ಯವನ್ನು ಮಾತ್ರ ನಾನು ಬರೆಸುವುದಿಲ್ಲ. ಎರಡೇ ವಾಕ್ಯ, ಸ್ವಂತದ್ದು. ಮೌಲ್ಯಮಾಪನದ ಮೇಜಿನ ಮೇಲೆ ಗೈಡಿನಿಂದ ಇಳಿದ ಒಂದೇ ವಾಕ್ಯವನ್ನು ಕಟ್ಟುಗಟ್ಟಲೆ ಉತ್ತರಪತ್ರಿಕೆಗಳಲ್ಲಿ ಓದುತ್ತೇವೆ: ‘ಇಲ್ಲಿ ಮಾನವೀಯತೆಯು ಸ್ವಾರಸ್ಯಪೂರ್ಣವಾಗಿ ವ್ಯಕ್ತವಾಗಿದೆ.’ ಎಲ್ಲಿ ವ್ಯಕ್ತವಾಗಿದೆ, ಯಾವ ಪದದಲ್ಲಿ ಎಂಬುದು ಯಾರ ಉತ್ತರದಲ್ಲೂ ಇರುವುದಿಲ್ಲ. ಸ್ವಾರಸ್ಯ ಎಂಬುದು ಎಷ್ಟು ಒಳ್ಳೆಯ ಪದ ನೋಡಿ. ರಸ ಎಲ್ಲಿದೆ, ನಿನಗೆ ರುಚಿಸಿದ್ದು ಯಾವುದು ಎಂದು ಪರೀಕ್ಷೆಯೇ ಮಗುವನ್ನು ಕೇಳುತ್ತಿದೆ. ಉತ್ತರವನ್ನು ನಾವು ಬರೆಸಿ ಕಳಿಸುತ್ತಿದ್ದೇವೆ.

ಸಾರಾ ಅಬೂಬಕ್ಕರ್ ಅವರ ‘ಯುದ್ಧ’ ಕಥೆಯನ್ನು ಹತ್ತನೆಯ ತರಗತಿಗೆ ಪಾಠ ಮಾಡುವಾಗ ಬೋರ್ಡಿನ ನಡುವೆ ಒಂದು ಗೆರೆ ಎಳೆದೆ. ಯುದ್ಧದ ರಾತ್ರಿ ಗಾಯಗೊಂಡ ವೈದ್ಯನೊಬ್ಬ ಶತ್ರುನೆಲದ ಮನೆಯ ಬಾಗಿಲು ತಟ್ಟುತ್ತಾನೆ, ಒಳಗೆ ಒಬ್ಬಳಿಗೆ ಹೆರಿಗೆ ನೋವು, ಜೊತೆಗೊಬ್ಬ ಮುದುಕಿ. ಗೆರೆಯ ಎಡಕ್ಕೆ ಬಾಗಿಲ ಹೊರಗಿರುವವನಿಗೆ ಗೊತ್ತಿರುವುದು, ಬಲಕ್ಕೆ ಒಳಗಿರುವವಳಿಗೆ ಗೊತ್ತಿರುವುದು. ಮಕ್ಕಳು ಒಂದೊಂದೇ ಹೇಳುತ್ತ ಹೋದರು, ಎರಡೂ ಬದಿ ತುಂಬಿತು. ಕೊನೆಗೆ ಒಬ್ಬ ಹುಡುಗ ಸೀಮೆಸುಣ್ಣ ಕೇಳಿ ಪಡೆದು, ಗೆರೆಯ ಮೇಲೆಯೇ ‘ಇಬ್ಬರಿಗೂ ಹೆದರಿಕೆ’ ಎಂದು ಬರೆದ. ಅವತ್ತು ಮನೆಗೆಲಸವಾಗಿ ಬಂದ ಸ್ವಾರಸ್ಯಗಳು ಒಂದರಂತೆ ಒಂದು ಇರಲಿಲ್ಲ. ಭಾಷೆ ತಪ್ಪಿತ್ತು, ಒತ್ತಕ್ಷರ ತಪ್ಪಿತ್ತು. ಅವನ್ನು ತಿದ್ದಲು ಜನವರಿಯವರೆಗೆ ಸಮಯವಿದೆ.

ಕೇಳಿದವರು, ಹದಿನೈದು ದಿನಗಳ ನಂತರ

ಎಲ್ಲರಿಗೂ ವಂದನೆಗಳು. ಆಶಯ ಭಾವ ಬಿಟ್ಟು, ನಾನೇ ಓದಿ, ಚೀಟಿ ಬರೆಸಿದೆ. ಮೊದಲ ದಿನ 52ರಲ್ಲಿ 30 ಚೀಟಿಗಳಲ್ಲಿ ‘ಕಥೆ ಚೆನ್ನಾಗಿದೆ’ ಎಂದಷ್ಟೇ ಇತ್ತು, ಕಣ್ಣಲ್ಲಿ ನೀರು ಬಂದಿತು. ಎರಡನೆಯ ಕಥೆಗೆ ಅಂಥವು ಹನ್ನೊಂದಕ್ಕೆ ಇಳಿದವು. ಆದರೆ ನನ್ನ ತರಗತಿಯಲ್ಲಿ ಏಳೆಂಟು ಮಕ್ಕಳಿಗೆ ಸರಾಗವಾಗಿ ಓದಲು, ಬರೆಯಲು ಬರುವುದಿಲ್ಲ. ಅವರ ಚೀಟಿ ಖಾಲಿ. ಅವರನ್ನು ಏನು ಮಾಡಲಿ?

ಹಾಸನ ಜಿಲ್ಲೆಯ ಶಿಕ್ಷಕಿ

30ರಿಂದ 11 ಎಂದರೆ ಬಹಳ ಬೇಗ ಇಳಿದಿದೆ ಮೇಡಂ. ನನಗೆ ಒಂದು ವರ್ಷ ಹಿಡಿದಿತ್ತು.

ಖಾಲಿ ಚೀಟಿಯವರನ್ನು ಬರೆಯಲು ಒತ್ತಾಯಿಸಬೇಡಿ. ಬೆಲ್ ಹೊಡೆದ ಮೇಲೆ ಬಾಗಿಲ ಹತ್ತಿರ ನಿಂತು ಬಾಯಿಯಲ್ಲಿ ಕೇಳಿ, ನೀವೇ ಬರೆದುಕೊಳ್ಳಿ. ಅವರಿಗೆ ಅಕ್ಷರ ಕಲಿಸುವ ಕೆಲಸ ಬೇರೆಯಾಗಿ ನಡೆಯಲೇಬೇಕು, ಅದನ್ನು ಬಿಡಬಾರದು. ಆದರೆ ಓದಲು ಬಾರದವನಿಗೆ ಕಥೆಯೂ ತಿಳಿಯುವುದಿಲ್ಲ ಎಂದುಕೊಂಡು ನಾನು ಎಷ್ಟೋ ಮಕ್ಕಳನ್ನು ಕಳೆದುಕೊಂಡೆ, ಆ ನೋವು ಇನ್ನೂ ಹೋಗಿಲ್ಲ.

ಒಬ್ಬ ಹುಡುಗನಿದ್ದ. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಶಾಲೆಗೆ ಬರುತ್ತಿದ್ದ, ಮೊದಲ ಅವಧಿ ತಪ್ಪುತ್ತಲೇ ಇತ್ತು. ಅವನ ಹೆಸರು ಬರೆಯುವುದರಲ್ಲೇ ಎರಡು ತಪ್ಪು. ಮಂಗಮ್ಮನ ಕಥೆ ಓದಿದ ದಿನ ಬಾಗಿಲಲ್ಲಿ ಕೇಳಿದರೆ ತಲೆ ತಗ್ಗಿಸಿ ಹೋದ. ಮರುದಿನ ಎಲ್ಲರೂ ಅತ್ತೆ ಸೊಸೆಯರ ಮೇಲೆ ವಾದ ಮಾಡುತ್ತಿರುವಾಗ ಹಿಂದಿನ ಬೆಂಚಿನಿಂದ ಕೇಳಿದ: ‘ಬೇರೆ ಆದ ಮೇಲೆ ಎಮ್ಮೆ ಯಾರ ಪಾಲಿಗೆ ಬಂತು ಮೇಡಂ?’ ತರಗತಿ ಒಂದು ಗಳಿಗೆ ಸುಮ್ಮನಾಯಿತು. ಮೊಸರು ಮಾರುವವಳ ಬದುಕು ನಿಂತಿರುವುದೇ ಅದರ ಮೇಲೆ ಎಂಬುದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಹಾಲು ಎಲ್ಲಿಂದ, ಮೊಸರಿನ ದುಡ್ಡು ಯಾರ ಕೈಗೆ, ಅದಕ್ಕೇ ಜಗಳವಾ, ಅದಕ್ಕೇ ಊರಿನವನಾದ ರಂಗಪ್ಪ ಅವಳ ಹತ್ತಿರ ಸಾಲ ಕೇಳಲು ಬಂದನಾ ಎಂದು ಪ್ರಶ್ನೆಗಳು ಒಂದರ ಹಿಂದೆ ಒಂದು ಎದ್ದವು. ಶಾಲೆಯಲ್ಲಿ ಇದ್ದದ್ದು ಒಂದೇ ಪ್ರತಿ, ಅದು ನನ್ನ ಕೈಯಲ್ಲಿತ್ತು. ‘ಮೊದಲಿನಿಂದ ಓದಿ ಮೇಡಂ’ ಎಂದರು. ಓದಿದೆ. ಅವನು ಮುಂದಿನ ಬೆಂಚಿಗೆ ಬಂದು ಕೂತು ಕೇಳಿದ.