ನಕಲಿಯ ನಕಲಿ

ರಾಯಚೂರಿನ ತೀನ್ ಕಂದೀಲ್ ಹತ್ರದ ಚಹಾದಂಗಡಿ. ಸೂಸಲಾ, ಮಿರ್ಚಿ ಮುಗಿದಿದ್ದುವು, ಮಾತು ಮುಗಿದಿರಲಿಲ್ಲ.

"ಬಸಣ್ಣ, ಕುಬುಸದ ಕಾರ್ಯದಾಗ ನಿನ್ನ ಸೊಸಿ ಕೊರಳಾಗ ಏನೋ ಭಾರಿ ಹೊಳಿಯಾಕತ್ತಿತ್ತಲ್ಲ?" ಖಾಜಾ ಕೇಳಿದ.

"ಗಾಜಿನ ಹಳ್ಳಿನ ಸೆಟ್ಟು, ಹನ್ನೆರಡು ನೂರು." ಬಸಣ್ಣ ದನಿ ಇಳಿಸಿದ. "ಅಸಲಿ ಲಾಕರ್‌ನ್ಯಾಗ ಅದ."

"ಈಗೂ ಅದನ್ನೇ ಹಾಕ್ಕೊಂಡಾಳೇನು?"

"ಇಲ್ಲಪ. ಬೆವರು ತಾಕಿದ್ರ ಮಬ್ಬಾಗ್ತದಂತ, ಹತ್ತಿಯಾಗ ಸುತ್ತಿ ಕಪಾಟಿನ್ಯಾಗ ಇಟ್ಟಾಳ. ದಿನಾ ಹಾಕ್ಕೊಳ್ಳಾಕ ದೀಡ್‌ನೂರು ರೂಪಾಯಿದು ಬ್ಯಾರೆ ಅದ."

ನನಗ ತಡಿಲಿಲ್ಲ. "ಅಂದ್ರ ಅಸಲಿ ಬ್ಯಾಂಕಿನ್ಯಾಗ, ನಕಲಿ ಕಪಾಟಿನ್ಯಾಗ, ನಕಲಿಯ ನಕಲಿ ಕೊರಳಾಗ! ಕಳ್ಳ ಬಂದ್ರ ಪಾಪ, ಯಾವುದು ಒಯ್ಯಲಿ ಅಂತ ನಿಮ್ಮನ್ನೇ ಎಬ್ಬಿಸಿ ಕೇಳಬೇಕು."

"ನಗಬ್ಯಾಡ್ರಿ," ಅಂದ್ರು ಮಾಸ್ತರು. ಅವರು ಬಾಯಿ ತೆಗದ್ರ ಇಸವಿ ಬಂದೇ ಬರ್ತದ. "ಪ್ಯಾರಿಸ್ಸಿನ್ಯಾಗ ಸ್ಟ್ರಾಸ್ ಅಂತ ಒಬ್ಬ ಪತ್ತಾರ ಇದ್ದ. ಸೀಸ ಬೆರಸಿದ ಗಾಜು ಕೊರದು ವಜ್ರದಂಗ ಹೊಳಿಸಿದ. 1734ರಾಗ ರಾಜನ ಪತ್ತಾರನೇ ಆದ."

"ಸೀಸ ಬೆರಸಿದವಗ ಅರಮನಿ. ನಮ್ಮ ಗೌಳಿ ಹಾಲಿಗೆ ನೀರು ಬೆರಸಿದ್ರ ಮಾತ್ರ ಬೈಗಳ."

"ಅಲ್ಲಲೇ, ಹಟ್ಟಿ ಬಂಗಾರದ ಗಣಿ ಇರೋ ಜಿಲ್ಲಾದಾಗ ಗಾಜು ಹಾಕ್ಕೊಂಡು ತಿರುಗೋದಾ?" ಖಾಜಾಗ ಮರ್ಯಾದಿ ಪ್ರಶ್ನಿ.

"ಗಣಿ ಇದ್ರ ಬಂಗಾರ ಸೋವಿ ಆಗ್ತದೇನು? ಶಕ್ತಿನಗರದ ಥರ್ಮಲ್ಲೂ ನಮ್ಮ ಮಗ್ಗಲದಾಗೇ ಅದ. ಕರೆಂಟು ಹೋಗೋದು ಬಿಟ್ಟದೇನು?"

ಮಾಸ್ತರು ಪರೀಕ್ಷಾಕ್ಕ ಇಳದ್ರು. "ವಜ್ರದ ಮ್ಯಾಲೆ ಬಾಯಿಲೆ ಹಾ ಅಂತ ಉಸುರು ಬಿಟ್ರ ಆವಿ ಗಪ್ಪನೆ ಹೋಗ್ತದ, ಗಾಜಿನ ಮ್ಯಾಲೆ ತಡೀತದ."

ಬಸಣ್ಣ ಆಗಲೇ ಮಾಸ್ತರ ಉಂಗುರದ ಕಡೆ ಬಾಯಿ ತೆರದಿದ್ದ.

"ನೀ ಬಿಡಬ್ಯಾಡೋ ಬಸಣ್ಣ, ಬಾಯಾಗಿನ ಸೆಟ್ಟು ಹಾರಿ ಚಹಾದಾಗ ಬಿದ್ದೀತು! ಅದರ ಅಸಲಿ ಯಾವ ಲಾಕರ್‌ನ್ಯಾಗ ಇಟ್ಟೀ?" ಅಂದೆ ನಾ.

ಎಲ್ಲಾರೂ ನಕ್ರು. ಬಸಣ್ಣ ನಗಲಿಲ್ಲ. "ನಿಮ್ಮವ್ವನ ಬೆಂಡೋಲಿ ಹಳ್ಳು ಅಸಲಿ ಇದ್ದುವೇನಲೇ?" ಅಂದ.

ನನ್ನ ಬಾಯಿ ಕಟ್ಟಿತು. ಕಾಲೇಜಿನ ಫೀಗೆ ಅವ್ವ ಬೆಂಡೋಲಿ ಮಾರಿದಾಗ ನಾ ಜೋಡಿ ಹೋಗಿದ್ದೆ. ಪತ್ತಾರ ಕೆಂಪು ಹಳ್ಳು ಒಂದೊಂದಾಗಿ ಕಿತ್ತು ಬದಿಗೆ ಸರಿಸಿದ, ಬರೇ ಬಂಗಾರ ತೂಗಿದ. ಇವಕ್ಕೇನು ಬೆಲಿ ಇಲ್ಲವ್ವಾ ಅಂದ. "ಹಂಗಾದ್ರ ನನಗ ಕೊಡಪಾ," ಅಂತ ಅವ್ವ ಅವನ್ನ ಸೆರಗಿನ ತುದಿಗೆ ಗಂಟು ಹಾಕ್ಕೊಂಡಳು. ಈಗೂ ದೇವರ ಜಗಲಿ ಮ್ಯಾಲೆ ಕುಂಕುಮದ ಭರಣಿಯಾಗ ಅದಾವ. ಅವ್ವ ಇಲ್ಲ.

"ಭೂತಗನ್ನಡಿ ಹಿಡದ್ರ ತಿಳೀತದ," ಅಂದ್ರು ಮಾಸ್ತರು ಮೆಲ್ಲಕ. "ಒಳಗ ದುಂಡನ ಗುಳ್ಳಿ ಕಂಡ್ರ ಗಾಜು. ನಾಳೆ ತಗೊಂಡು ಬಾ, ನನ್ನ ಹತ್ರ ಭೂತಗನ್ನಡಿ ಅದ."

"ನಾಳೆ ನಾ ಊರಾಗ ಇರಂಗಿಲ್ರಿ, ಮಾಸ್ತರ."

ಸುಳ್ಳು ಅಂತ ನಾಲ್ಕೂ ಮಂದಿಗೆ ಗೊತ್ತಿತ್ತು. ಬಸಣ್ಣ ಇನ್ನೊಂದು ಸುತ್ತು ಚಹಾ ಹೇಳಿದ.