ಸಂಪತ್ತಿಗೆ ಸವಾಲ್ ಮತ್ತೆ ನೋಡಿದೆ, ಒಂದು ಕಡೆ ನಗು ಬರಲಿಲ್ಲ

ಚಾವಡಿ_ಉಡುಪಿ:
ಮೊನ್ನೆ ಭಾನುವಾರ ಜೋರು ಮಳೆ. ಮಗಳನ್ನು ಕೂರಿಸಿಕೊಂಡು ‘ಸಂಪತ್ತಿಗೆ ಸವಾಲ್’ ಹಾಕಿದೆ. 1974ರದ್ದು, ನಾನು ಹುಟ್ಟುವ ಮೊದಲೇ ಬಂದ ಸಿನಿಮಾ. ನಾನು ನೋಡಿದ್ದು ದೂರದರ್ಶನದಲ್ಲಿ, ಕಾಪು ಹತ್ತಿರ ಅಜ್ಜಿಮನೆಯ ಪಕ್ಕದವರ ಚಾವಡಿಯಲ್ಲಿ, ಒಬ್ಬ ಹೊರಗೆ ಆಂಟೆನಾ ತಿರುಗಿಸುತ್ತಾ ‘ಬಂತಾ, ಬಂತಾ’ ಅಂತ ಕೂಗುತ್ತಿದ್ದ. ನಮಗೆ ಮನೆಯಲ್ಲಿ ತುಳು, ಶಾಲೆಯಲ್ಲಿ ಪುಸ್ತಕದ ಕನ್ನಡ. ಆ ಘಟ್ಟದ ಮೇಲಿನ ಮಾತು ಅರ್ಧ ಅರ್ಥವಾಗುತ್ತಿರಲಿಲ್ಲ, ದೊಡ್ಡವರು ನಕ್ಕಾಗ ನಾವೂ ನಗುವುದು ಅಷ್ಟೇ.

ಎಮ್ಮೆ ಮೇಲೆ ಕೂತು ರಾಜ್‌ಕುಮಾರ್ ‘ಯಾರೇ ಕೂಗಾಡಲಿ’ ಹಾಡುವುದು ಈಗಲೂ ಮಜಾ ಉಂಟು, ಮಗಳು ಎರಡು ಸಲ ಹಾಕಿಸಿದಳು. ಆದರೆ ದುರ್ಗಿ ಪಾತ್ರದ ಮಂಜುಳಾ ಸೊಕ್ಕು ಇಳಿಯುವಾಗ ‘ಅವಳೇ ಯಾಕೆ ಬದಲಾಗಬೇಕು?’ ಅಂತ ಮಗಳು ಕೇಳಿಬಿಟ್ಟಳು. ಚಿಕ್ಕವನಿದ್ದಾಗ ನಾನು ಜಾಸ್ತಿ ನಕ್ಕಿದ್ದು ಅಲ್ಲೇ! ನಿಮಗೂ ಹೀಗಾಗಿದೆಯಾ?

ಬಯಲಾಟ_ಪ್ರಿಯ:
ಅದು ಮೂಲದಲ್ಲಿ ಪಿ.ಬಿ. ಧುತ್ತರಗಿಯವರ ನಾಟಕ ಅಲ್ವಾ. ನಾಟಕದಲ್ಲಿ ಬಜಾರಿ ಹುಡುಗಿ ಕೊನೆಗೆ ಸೋಲಲೇಬೇಕು, ಜನ ಕಾಯುವುದೇ ಅದಕ್ಕೆ. ನಮ್ಮ ಯಕ್ಷಗಾನ ಆಟದಲ್ಲಿ ಪ್ರಮೀಳೆ ಕಥೆಯೂ ಹಾಗೇ ತಾನೇ, ಗಂಡಸರೇ ಬೇಡ ಎಂದವಳು ಅರ್ಜುನನನ್ನು ಮದುವೆಯಾಗುತ್ತಾಳೆ. ಸರಿ ಅಂತ ಹೇಳುತ್ತಿಲ್ಲ. ಆದರೆ ಮಂಜುಳಾ ಬೈಯುವಾಗ ಇರುವ ಕಳೆ ತಗ್ಗಿದ ಮೇಲೆ ಇಲ್ಲ, ನನಗಂತೂ ಆ ಬೈಯುವ ದುರ್ಗಿಯೇ ನೆನಪಿರುವುದು.

ಕೆಸರುಗದ್ದೆ:
ನಗು ಬಿಡಿ, ನನಗೆ ನೋವು ನೆನಪಾಯ್ತು. ಈ ಹಾಡು ನೋಡಿ ಮರುದಿನವೇ ನೆರೆಮನೆಯ ಕೋಣದ ಬೆನ್ನು ಹತ್ತಿದ್ದೆ. ‘ಯಾರೇ’ ಅನ್ನುವಷ್ಟರಲ್ಲಿ ಗದ್ದೆಯಲ್ಲಿ ಬಿದ್ದಿದ್ದೆ, ಬಾಯಿ ತುಂಬ ಕೆಸರು. ಅಮ್ಮ ಬಾವಿಕಟ್ಟೆಯಲ್ಲಿ ನಿಲ್ಲಿಸಿ ನಾಲ್ಕು ಕೊಡಪಾನ ನೀರು ಸುರಿದು, ಆಮೇಲೆ ಬೆತ್ತ ತಂದರು.

ಹಂಪನಕಟ್ಟೆ_ಬಸ್ಸು:
@ಕೆಸರುಗದ್ದೆ, ಹಾಡಿನಲ್ಲಿರುವುದು ಎಮ್ಮೆ, ನೀವು ಹತ್ತಿದ್ದು ಕೋಣ 😄 ಕಂಬಳದಲ್ಲೂ ಅದರ ಹಿಂದೆ ಓಡುತ್ತಾರೆ ಮಾರಾಯ್ರೇ, ಬೆನ್ನಿಗೆ ಯಾರಾದರೂ ಹತ್ತುತ್ತಾರಾ?

ಇನ್ನೊಂದು ವಿಷಯ. ಅಲ್ಲಿಯವರೆಗೆ ರಾಜ್‌ಕುಮಾರ್ ಬಾಯಿ ಆಡಿಸುವುದು, ಹೆಚ್ಚಾಗಿ ದನಿ ಪಿ.ಬಿ. ಶ್ರೀನಿವಾಸ್ ಅವರದ್ದು. ಈ ಎಮ್ಮೆ ಹಾಡಿನಿಂದ ಅಣ್ಣಾವ್ರೇ ತಮ್ಮ ಹಾಡುಗಳನ್ನು ಹೆಚ್ಚಾಗಿ ಹಾಡಲು ಶುರು ಮಾಡಿದ್ದು. ಮಗಳಿಗೆ ಹೇಳಿ. ಅವಳ ಪ್ರಶ್ನೆಗೆ ನನ್ನ ಹತ್ತಿರವೂ ಉತ್ತರ ಇಲ್ಲ, ನನ್ನ ಹೆಂಡತಿ ಆ ಭಾಗ ಬಂದರೆ ಎದ್ದು ಚಾ ಮಾಡಲು ಹೋಗುತ್ತಾಳೆ.

ಚಾವಡಿ_ಉಡುಪಿ:
ಎಲ್ಲ ಓದಿ ಹೇಳಿದೆ. ದುರ್ಗಿಯ ವಿಷಯದಲ್ಲಿ ಅವಳು ನಿಮ್ಮ ಹೆಂಡತಿಯ ಕಡೆ. ಕೋಣದ ಕಥೆಗೆ ಬಿದ್ದು ಬಿದ್ದು ನಕ್ಕಳು. ಈಗ ಹೊಸ ಹಟ, ನಿಜವಾದ ಎಮ್ಮೆ ನೋಡಬೇಕಂತೆ, ನಮ್ಮ ಮನೆಗೆ ಹಾಲು ಬರುವುದು ಪ್ಯಾಕೆಟ್‌ನಲ್ಲಿ. ಮಣಿಪಾಲದ ಆಚೀಚೆ ಯಾರ ಹಟ್ಟಿಯಲ್ಲಾದರೂ ಎಮ್ಮೆ ಉಂಟಾ? ಹತ್ತುವುದಿಲ್ಲ, ಸುಮ್ನೆ ನೋಡಿ ಬರುತ್ತೇವೆ.